ಫ್ರಿಜ್ಜಿನ ಬಾಗಿಲ ಮೇಲೆ

ಅಕ್ಷರಗಳು ವೇಯೊನವು.
ಪಾರ್ಶ್ವವಾಯು ಹೊಡೆದ ಮೇಲೆ ಆಸ್ಪತ್ರೆಯವರು ಕೊಟ್ಟದ್ದು,
ಬಿಸ್ಕತ್ತಿನ ಡಬ್ಬಿ ತುಂಬ ಆಯಸ್ಕಾಂತದ ಅಕ್ಷರ.
ಮೂವತ್ತು ವರ್ಷ ಟಗ್ ದೋಣಿಯಲ್ಲಿ ನಿಂತು
ಹಡಗುಗಳನ್ನು ಬಯ್ದು ಬಯ್ದು ದಡಕ್ಕೆಳೆದವನು
ಇಡೀ ಚಳಿಗಾಲ ಕೂತು ಜೋಡಿಸಿದ್ದು ಇಷ್ಟೇ:
ಎಸ್, ಎ, ಎನ್, ಎ.
ಸನ.
ನಮ್ಮಲ್ಲಿ ಹಾಗೆಂದರೆ ಮಾತು.
ಎಲ್ಲ ಮಾತೂ ಹೋಗಿ ಅವನಲ್ಲಿ ಉಳಿದದ್ದು
ಮಾತು ಎಂಬ ಮಾತೊಂದೇ.

ಎರಡನೆಯ ಎ ಡಬ್ಬಿಯಲ್ಲಿರಲಿಲ್ಲ.
ವಿ ಅಕ್ಷರವನ್ನು ತಲೆಕೆಳಗು ಮಾಡಿ, ನಡುವೆ
ಹಸಿರು ಟೇಪಿನ ಚೂರು ಹಚ್ಚಿದ, ಎಡಗೈಯಲ್ಲಿ, ತಾನೇ.
ಅವನು ಹೋದ ಮೇಲೆ ಫ್ರಿಜ್ಜನ್ನು
ಕೋಟ್ಕಾ ಬಂದರಿನ ನಾವಿಕರ ಮನೆಗೆ ಕೊಟ್ಟೆ,
ಬಾಗಿಲು ಒರೆಸದೆ.
ಅಲ್ಲೇ ನಾನು ಕಾಫಿ ಕಾಸುವುದು, ಮಂಗಳವಾರದಿಂದ ಶನಿವಾರ.

ಆ ವರ್ಷ ಒಂದು ಹಡಗು ಸಿಕ್ಕಿಕೊಂಡಿತು.
ಮಾಲೀಕ ಫೋನೆತ್ತುವುದಿಲ್ಲ. ಸಂಬಳವಿಲ್ಲ.
ಕೋರ್ಟಿನ ಕಾಗದ ಗಾಜಿಗೆ ಅಂಟಿದೆ,
ಹೆಪ್ಪುಗಟ್ಟಿದ ಕಡಲು ಹಡಗಿನ ಹೊಟ್ಟೆ ಹಿಡಿದಿದೆ.
ಹನ್ನೊಂದು ಜನ. ದಿನಾ ಸಂಜೆ ಬರುವರು
ಬೆಚ್ಚಗಾಗಲು, ಮನೆಗೆ ಫೋನು ಮಾಡಿ
ಸುಳ್ಳು ಹೇಳಲು.

ಹಾಲು ತೆಗೆಯಲು ಹೋದ ಅಡುಗೆಯ ರೊಡೆಲಿಯೊ
ಬಾಗಿಲೆದುರು ನಿಂತ. ಬಟಾಂಗಸ್‌ನವನು.
'ಇದು ನಮ್ಮದು. ಆಗಲಪ್ಪಾ, ಹೇಗಾದರೂ ಆಗಲಿ,
ಅಂತೀವಲ್ಲ, ಅದು.'
ಎಣ್ಣೆಗೈಯ ನೆಜ್ಮಿ ಅವನನ್ನು ಸರಿಸಿದ:
'ತುರ್ಕಿ ಕಣಯ್ಯಾ. "ನಿನಗೆ" ಅಂತ ಬರೆದಿದೆ, ಕಾಣಲ್ವ?'
ಎನ್ನುತ್ತ ಒಳಗಿದ್ದ ಕೊನೆಯ ತುಂಡು ಕೇಕು ತಿಂದುಬಿಟ್ಟ.
ಸುರಬಯಾದ ಸುಪರ್ಡಿ ಏನೂ ಹೇಳಲಿಲ್ಲ;
ಗದ್ದವೆತ್ತಿ ಕಿಟಕಿಯಾಚೆ ತೋರಿದ. 'ಅಲ್ಲಿ.'
'ಬಹಳ,' ಅಂದ ಮೊಂಬಾಸಾದ ಮ್ವಿನ್ಯಿ.
ಬಹಳ ಏನು?
'ಅದನ್ನು ನೀವೇ ಸೇರಿಸಿಕೊಳ್ಳಬೇಕು. ಚಳಿ, ಅನ್ನಿ.'

ಎಂಜಿನಿಯರ್ ಹಿಲ್ಮಿ ಅಭ್ಯಾಸಬಲದಿಂದ
ಬಲದಿಂದ ಓದಿದ: ಅನಸ್. ಮಗನ ಹೆಸರು.
ತಪ್ಪು ತಿಳಿದು ಎಡದಿಂದ ಬಂದ: ಸನ. ಅರಬ್ಬಿಯಲ್ಲಿ, ವರ್ಷ.
ಕಪ್ಪು ಕೆಳಗಿಟ್ಟು ಹೊರಗೆ ಹೋದ.
ಕೋಟು ಇಲ್ಲೇ ಗೂಟದಲ್ಲಿತ್ತು.

ಗುರುವಾರ ಪುಸ್ತಕ ತರುವ ಕೆರ್ತು
ನಿಘಂಟಿನ ಕಚೇರಿಯಲ್ಲಿ ಕಣ್ಣು ಸವೆಸಿದವಳು.
'ನಂಟಿಲ್ಲ,' ಅಂದಳು. 'ಬೇರೆ ಬೇರೆ ಬಾವಿಯ ನೀರು,
ಬಿಂದಿಗೆ ಮಾತ್ರ ಒಂದೇ ಅಚ್ಚಿನದು.
ನಮ್ಮದಕ್ಕೆ ಎಸ್ಟೋನಿಯದಲ್ಲಿ ತಂಗಿಯಿದ್ದಾಳೆ.
ತುರ್ಕಿಯದು "ಸೆನ್", ನೀನು;
ಕೊಡುವಾಗ ಮಾತ್ರ ಅದರ ಬಾಯಿ ಅಗಲವಾಗುತ್ತದೆ.
ಮೊಂಬಾಸಾದ್ದು ಎಲ್ಲಿಯ ಬೇರೋ, ನನಗೆ ಗೊತ್ತಿಲ್ಲ.'
ನಂಟಿಲ್ಲದವರು ತಲೆಯಾಡಿಸಿ ಸಕ್ಕರೆ ಹಾಕಿಕೊಂಡರು.

ಒಂದು ರಾತ್ರಿ ಆಟ ಹೂಡಿದರು: ಎಲ್ಲರ ಸನ ಪೋಣಿಸಿ
ಒಂದು ವಾಕ್ಯ.
ನಿನಗೆ, ಅಲ್ಲಿ, ವರ್ಷ, ಬಹಳ, ಆಗಲಪ್ಪಾ, ಮಾತು.
ಹಿಂದೆ ಮುಂದೆ ಮಾಡಿದರು. ಹಿಲ್ಮಿಯೂ ಕೈ ಹಾಕಿದ.
ಆರು ಭಾಷೆ ಕೂಡಿದರೂ
ಒಂದು ಕ್ರಿಯಾಪದ ಹುಟ್ಟಲಿಲ್ಲ.
ನಗು ಮಾತ್ರ ಹನ್ನೊಂದೂವರೆವರೆಗೆ ನಡೆಯಿತು.

ಏಪ್ರಿಲ್‌ನಲ್ಲಿ ಕಡಲು ಬಿರಿಯಿತು. ಹರಾಜು. ಅರ್ಧ ಸಂಬಳ.
ವಿಮಾನದ ಟಿಕೆಟ್ಟುಗಳು ಬಂದವು, ಒಬ್ಬೊಬ್ಬರಿಗೆ ಒಂದೊಂದು ಹೊತ್ತಿನವು.
ವಿದಾಯಕ್ಕೆ ಯಾವ ಭಾಷೆಯೂ ಹೊಂದಲಿಲ್ಲ,
ಕೈ ಕುಲುಕಿದೆವು.

ಮರುದಿನ ಹಾಲಿಗೆ ಹೋದಾಗ ನೋಡಿದೆ.
ಕೊನೆಯಲ್ಲಿ ಹೊಸ ಎ, ಕೆಂಪನೆಯದು,
ಸಂತೆಯಲ್ಲಿ ಯಾರೋ ಕೊಂಡದ್ದು.
ಹಳೆಯದರ ಟೇಪು ಕಿತ್ತು, ಒರೆಸಿ,
ನೆಟ್ಟಗೆ ತಿರುಗಿಸಿ, ಕೆಳಗೆ ಒಂಟಿಯಾಗಿ ನಿಲ್ಲಿಸಿದ್ದಾರೆ:
ವಿ.

ವೇಯೊನ ಮೊದಲಕ್ಷರ.
ಅವನ ಹೆಸರು ಅವರಿಗೆ ನಾನು ಹೇಳಿರಲಿಲ್ಲ.
ಕಾಕತಾಳೀಯ, ಅನ್ನುತ್ತಾಳೆ ಕೆರ್ತು,
ಸರಿಯೇ ಇರಬಹುದು, ಓದಿದವಳು.
ಹಸಿರು ಟೇಪಿನ ಚೂರು ಮಾತ್ರ
ಹುಡುಕಿದೆ, ಕಸದ ಬುಟ್ಟಿಯಲ್ಲೂ,
ಸಿಗಲಿಲ್ಲ.